ಮೊದಲ ಪುಟದ ಮಾತು

ಹದಿನೇಳನೇ ನಂಬರಿನ ಮನೆಯನ್ನು ಅವಳು ನಾಲ್ಕು ದಿನದಿಂದ ಮುಂದಕ್ಕೆ ತಳ್ಳುತ್ತ ಬಂದಿದ್ದಳು. ಮೊದಲ ದಿನ ಬಿಸಿಲು ಜಾಸ್ತಿ ಎಂದುಕೊಂಡಳು. ಎರಡನೆಯ ದಿನ ಹದಿನಾರಕ್ಕೂ ಹದಿನೆಂಟಕ್ಕೂ ಹೋಗಿ ಬಂದು, ನಡುವಿನ ಬಾಗಿಲು ಕಣ್ಣಿಗೆ ಬೀಳಲೇ ಇಲ್ಲವೆಂಬಂತೆ ನಡೆದುಬಿಟ್ಟಳು. ಆಮೇಲಿನ ಎರಡು ದಿನ ತಲೆನೋವು. ತಲೆನೋವೇನೂ ಇರಲಿಲ್ಲ. ಐವತ್ತೆರಡು ವರ್ಷದ ಹೆಂಗಸು, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದವಳು, ಶಾಲೆಗೆ ಚಕ್ಕರ್ ಹೊಡೆಯುವ ಹುಡುಗಿಯ ಹಾಗೆ ತನಗೆ ತಾನೇ ನೆಪ ಹೇಳಿಕೊಳ್ಳುತ್ತಿದ್ದಳು. ಇವತ್ತು ನೆಪಗಳೂ ಮುಗಿದಿದ್ದವು. ಮಧ್ಯಾಹ್ನ ಮೂರಕ್ಕೆ ಸಮುದಾಯ ಭವನದಲ್ಲಿ ಸಭೆ. ಅಷ್ಟರೊಳಗೆ ಓಣಿಯ ಮೂವತ್ತೆರಡು ಮನೆಯ ಉತ್ತರವೂ ಕೈಯಲ್ಲಿರಬೇಕು. ಮೂವತ್ತೊಂದು ಆಗಿತ್ತು.

ಓಣಿಯ ಬಾಯಿಯಲ್ಲಿ ನಿಂತು ಅವಳು ಬ್ಯಾಗಿನ ಜಿಪ್ ಎಳೆದಳು, ಹಾಕಿದಳು, ಮತ್ತೆ ಎಳೆದಳು. ಇಲ್ಲಿನ ಹೆಂಗಸರು ತನ್ನನ್ನು ಹಿಂದಿನಿಂದ 'ಹೌದಿಲ್ಲ ಮೇಡಂ' ಎಂದು ಕರೆಯುವುದು ಅವಳಿಗೆ ಗೊತ್ತಿತ್ತು. ತಪ್ಪೇನಲ್ಲ. ಒಂದು ಸಂಸ್ಥೆಯವರು ಈ ಓಣಿಯಲ್ಲಿ ಗಂಡಸರನ್ನು ಗುರುವಾರ, ಹೆಂಗಸರನ್ನು ಶನಿವಾರ ಕೂಡಿಸಿ, ಮನೆಯೊಳಗಿನ ಹೊಡೆತ ಬಡಿತ ನಿಲ್ಲಲಿ ಎಂದು ಮೂರು ವರ್ಷದಿಂದ ಮಾತಾಡಿಸುತ್ತಿದ್ದರು. ಅದು ನಿಂತಿತೇ ಇಲ್ಲವೇ ಎಂದು ಮನೆಮನೆಗೆ ಹೋಗಿ ಕೇಳಿ, ದುಡ್ಡು ಕೊಟ್ಟವರಿಗೆ ವರದಿ ಬರೆಯುವುದು ಅವಳ ಕೆಲಸ. ಇಪ್ಪತ್ತೆರಡು ಪ್ರಶ್ನೆ, ಪ್ರತಿಯೊಂದಕ್ಕೂ ಎರಡು ಚೌಕ. ಕಳೆದ ಹನ್ನೆರಡು ತಿಂಗಳಲ್ಲಿ ನಿಮ್ಮ ಗಂಡ ನಿಮ್ಮನ್ನು ತಳ್ಳಿದ್ದಾರೆಯೇ, ಕೆನ್ನೆಗೆ ಹೊಡೆದಿದ್ದಾರೆಯೇ, ಕೂದಲು ಹಿಡಿದು ಎಳೆದಿದ್ದಾರೆಯೇ. ಬಸ್ಸಿನ ಕಂಡಕ್ಟರು ಊರುಗಳ ಹೆಸರು ಕೂಗುವ ಹಾಗೆ ಈಗ ಅವು ಬಾಯಿಂದ ತಾವಾಗಿ ಬರುತ್ತಿದ್ದವು. ಮನೆಗೆ ಹೋದರೆ ಡ್ರಾಯಿಂಗ್ ಮೇಷ್ಟ್ರಾದ ಗಂಡ ಪೇಪರಿನಿಂದ ತಲೆ ಎತ್ತದೆ, 'ಏನಮ್ಮಾ, ಇವತ್ತು ಎಷ್ಟು ಜನ ಏಟು ತಿಂದರು?' ಎಂದು ಕೇಳುತ್ತಿದ್ದ. ಕೆಟ್ಟವನಲ್ಲ, ಪಾಪ, ಹಗುರ ಮಾಡಲಿಕ್ಕೆ ಕೇಳುತ್ತಿದ್ದ. ಅವಳೂ ನಕ್ಕು, ಹನ್ನೊಂದು, ಎನ್ನುತ್ತಿದ್ದಳು. ಹನ್ನೊಂದು ಎಂದ ಮೇಲೆ ಕೈಕಾಲು ತೊಳೆಯುತ್ತಿದ್ದಳು. ಮೊದಮೊದಲು ಇಂಥ ಮನೆಗಳಿಂದ ಬಂದ ದಿನ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಮೇಲೆ ಇಳಿಯತೊಡಗಿತು. ಯಾವ ದಿನದಿಂದ ಎಂದು ಎಷ್ಟು ಕೆದಕಿದರೂ ನೆನಪಾಗುವುದಿಲ್ಲ. ಆ ದಿನಾಂಕ ಗೊತ್ತಿದ್ದರೆ ಏನೋ ಒಂದು ಸಮಾಧಾನವಿರುತ್ತಿತ್ತು ಎಂದು ಅವಳಿಗೆ ಒಮ್ಮೊಮ್ಮೆ ಅನಿಸುತ್ತದೆ.

ಎರಡು ವರ್ಷದ ಹಿಂದೆ, ಯೋಜನೆಯ ನಡುವಿನ ಮೌಲ್ಯಮಾಪನಕ್ಕೆ ಬಂದಾಗ, ಹದಿನೇಳನೇ ಮನೆಯಲ್ಲಿ ಹೊಲಿಗೆ ಮಿಷನ್ ಓಡುತ್ತಿತ್ತು. ಓಣಿಗೆಲ್ಲ ಅದೊಂದೇ ಮಿಷನ್. ಅದಕ್ಕೇ ಆ ಮನೆಯವಳನ್ನು ಎಲ್ಲರೂ ಟೈಲರಮ್ಮ ಅನ್ನುತ್ತಿದ್ದರು. ಟೈಲರಮ್ಮ ಪೆಡಲು ತುಳಿಯುತ್ತಲೇ ಉತ್ತರ ಕೊಟ್ಟಿದ್ದಳು, ಹೌದು, ಹೌದು, ಇಲ್ಲ, ಹೌದು. ಕೊನೆಗೆ ದಾರ ಕಡಿದು, ಯಾರೋ ಕೇಳಿದ್ದಕ್ಕಲ್ಲ, ತಾನಾಗಿ ಒಂದು ಮಾತು ಹೇಳಿದಳು: 'ಹೊಡೆಯೋ ಮುಂಚೆ ಅವರು ವಾಚು ಬಿಚ್ಚಿ ಮಿಷನ್ ಮೇಲಿಡ್ತಾರೆ ಅಕ್ಕಾ. ಆ ಸದ್ದು ಕೇಳಿದ್ ತಕ್ಷಣ ನಾನು ಸೂಜಿ ಎತ್ತಿಬಿಡ್ತೀನಿ. ಬಟ್ಟೆ ಇನ್ನೊಬ್ಬರದಲ್ವಾ.' ಇವಳ ಮೈ ಜುಂ ಎಂದಿತು. ಸಂಕಟಕ್ಕಲ್ಲ. ಅದನ್ನು ಇವಳು ಯಾರಿಗೂ ಹೇಳಿಲ್ಲ, ಹೇಳುವಂಥದ್ದೂ ಅಲ್ಲ. ಎಂಥ ಮಾತು ಸಿಕ್ಕಿತು ಎಂಬ ಖುಷಿಗೆ ಮೈ ಜುಂ ಎಂದದ್ದು. ಬಸ್ಸಿನಲ್ಲಿ ವಾಪಸು ಹೋಗುವಾಗ ಮರೆತುಬಿಡಬಾರದೆಂದು ಮನಸ್ಸಿನಲ್ಲೇ ಎರಡು ಮೂರು ಸಲ ಹೇಳಿಕೊಂಡಳು. ವರದಿ ಬರೆಯುವಾಗ ನಿಯಮದಂತೆ ಹೆಸರು ತೆಗೆದಳು, ವಯಸ್ಸು ಬದಲಾಯಿಸಿದಳು, ಇಬ್ಬರು ಮಕ್ಕಳನ್ನು ಮೂವರು, ಹೊಲಿಗೆ ಮಿಷನ್ನನ್ನು ಕಸೂತಿಯ ಮೇಜು ಮಾಡಿದಳು. ವಾಚು ಬದಲಾಯಿಸಲಿಲ್ಲ. ಬದಲಾಯಿಸಬಹುದಿತ್ತು. ಒಂದು ಗಳಿಗೆ ಯೋಚಿಸಿದ್ದಳು ಕೂಡ, ಬೆಲ್ಟು, ಕನ್ನಡಕ. ಆದರೆ ಕನ್ನಡಕಕ್ಕೆ ಆ ಸದ್ದಿಲ್ಲ. ಆ ಮಾತನ್ನು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದಳು. ಓದಿದವರೆಲ್ಲ ಹೊಗಳಿದರು. ಬೇರೆ ಕಡೆಯ ಕೆಲಸಗಳೂ ಹುಡುಕಿಕೊಂಡು ಬಂದವು.

ಆ ವರದಿಯನ್ನು ಓಣಿಯವರಿಗೇ ಓದಿ ಹೇಳಬೇಕು, ಅವರ ಮಾತು ಅವರಿಗೆ ತಲುಪಬೇಕು ಎಂಬುದು ಯೋಜನೆಯ ಸಂಯೋಜಕನ ಆಸೆ. ಒಳ್ಳೆಯ ಆಸೆಯೇ. ಭವನದಲ್ಲಿ ಮೈಕು ಹಿಡಿದು, ಧ್ವನಿ ಏರಿಸಿ ಇಳಿಸಿ, ಅವನು ಮೊದಲ ಪುಟ ಓದಿದ. ವಾಚು ಎನ್ನುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕಾರ್ಖಾನೆಯಲ್ಲಿ ಹದಿನೈದು ವರ್ಷ ದುಡಿದದ್ದಕ್ಕೆ ವಾಚು ಬಹುಮಾನ ಪಡೆದವನು ಓಣಿಯಲ್ಲಿ ಒಬ್ಬನೇ. ಅವನು ಅದನ್ನು ತೋರಿಸದ ಮನೆಯಿಲ್ಲ. ಇದು ಅವಳಿಗೆ ಗೊತ್ತಿರಲಿಲ್ಲ, ನಿಜ, ಆದರೆ ಕೇಳಿ ತಿಳಿದುಕೊಳ್ಳುವುದೇ ಅಲ್ಲವೇ ಅವಳ ಕಸುಬು? ಗೋಡೆಗೆ ಒರಗಿ ನಿಂತಿದ್ದ ಒಬ್ಬ ಗಂಡಸು ತುಂಬ ನಿಧಾನವಾಗಿ ಅಂಗಿಯ ತೋಳು ಕೆಳಗೆ ಎಳೆದುಕೊಂಡ. ಮೂರನೇ ಸಾಲಿನಲ್ಲಿ ಟೈಲರಮ್ಮ ತನ್ನ ಮಡಿಲನ್ನೇ ನೋಡುತ್ತಿದ್ದಳು. ಆಗ ಎದ್ದು ಏನಾದರೂ ಹೇಳಬಹುದಿತ್ತು. ಬಾಯಿಗೆ ಬಂದದ್ದು ಹೇಳಿದ್ದರೂ ಸಾಕಿತ್ತು. ಹೇಳಲಿಲ್ಲ. ಚಹಾ ತಂದಾಗ ಕುಡಿದಳು. ಬಸ್ಸಿಗೆ ಹೊತ್ತಾಯಿತೆಂದು ಕಾಲ್ಕಿತ್ತಳು.

ಇವತ್ತು ಹದಿನೇಳರ ಬಾಗಿಲು ತೆರೆದ ಟೈಲರಮ್ಮ ಅವಳನ್ನು ಅರೆಗಳಿಗೆ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ.

'ಬನ್ನಿ ಮೇಡಂ. ನಿನ್ನೇನೇ ಬರ್ತೀರ ಅಂದ್ಕೊಂಡಿದ್ದೆ.'

'ತಲೆನೋವಿತ್ತು.'

'ಕೂತ್ಕೊಳ್ಳಿ. ಅವರು ಕೆಲಸಕ್ಕೆ ಹೋಗಿದ್ದಾರೆ, ಮಕ್ಕಳು ಸ್ಕೂಲಿಗೆ. ಯಾರೂ ಇಲ್ಲ ತಾನೇ ಅಂತ ನೀವು ಕೇಳ್ತೀರಲ್ಲ, ಅದಕ್ಕೆ ಮೊದಲೇ ಹೇಳಿದೆ.'

ಕೂತಳು. ಕಿಟಕಿಯ ಪಕ್ಕದ ಮೂಲೆ ಖಾಲಿಯಿತ್ತು. ನೆಲದಲ್ಲಿ ನಾಲ್ಕು ಕಡೆ ಕಬ್ಬಿಣದ ಕಾಲು ಕೂತು ಕೂತು ಬಿದ್ದ ಗುಳಿ, ಅದರಾಚೆ ಗೋಡೆಯ ಮೇಲೆ ಬೆನ್ನು ತಾಗಿ ತಾಗಿ ಜಿಡ್ಡುಗಟ್ಟಿದ ಒಂದು ಕಲೆ. ಅವಳು ಆ ಕಡೆ ನೋಡಿದ್ದನ್ನು ಟೈಲರಮ್ಮ ನೋಡಿದಳು. ಅವಳು ಕಾಗದ ತೆಗೆದು, ನೀವು ಯಾವ ಪ್ರಶ್ನೆಗೆ ಬೇಕಾದರೂ ಉತ್ತರ ಕೊಡದೇ ಇರಬಹುದು, ನಿಮ್ಮ ಉತ್ತರ ಗುಟ್ಟಾಗಿರುತ್ತದೆ ಎಂದು ಓದತೊಡಗಿದಳು. ಗುಟ್ಟು ಎಂಬಲ್ಲಿ ನಾಲಿಗೆ ತೊಡರಿತು. ಓದಲೇಬೇಕಾದ ಸಾಲು, ಓದಿದಳು. ಟೈಲರಮ್ಮ ಶಾಲೆಯಲ್ಲಿ ಮಗ್ಗಿ ಒಪ್ಪಿಸುವವಳ ಹಾಗೆ ಕೈಕಟ್ಟಿ ಕೂತಿದ್ದಳು. ತಳ್ಳಿದ್ದಾರೆಯೇ? ಇಲ್ಲ. ಕೆನ್ನೆಗೆ? ಇಲ್ಲ. ಪ್ರಶ್ನೆ ಮುಗಿಯುವ ಮೊದಲೇ ಇಲ್ಲ. ಹಿಂದಿನ ಸಲ ಈ ಓಣಿಯಲ್ಲಿ ಹತ್ತೊಂಬತ್ತು ಮನೆಯವರು ಹೌದು ಎಂದಿದ್ದರು. ಈ ಸಲ ಮೂವತ್ತೊಂದರಲ್ಲಿ ಇಬ್ಬರು, ಅವರೂ ಹೊಸದಾಗಿ ಬಾಡಿಗೆಗೆ ಬಂದವರು. ಸಂಯೋಜಕ ನಿನ್ನೆ ಈ ಸಂಖ್ಯೆ ಕೇಳಿ ಮೇಜು ಕುಟ್ಟಿ, 'ನೋಡಿದ್ರಾ ಮೇಡಂ!' ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದ. ಅವನು ಮೂರು ವರ್ಷ ಬೆವರು ಸುರಿಸಿದವನು. ಆ ಇಲ್ಲಗಳೆಲ್ಲ ಒಂದೇ ಅಚ್ಚಿನವು, ಎಲ್ಲವೂ ಪ್ರಶ್ನೆಗಿಂತ ಮುಂಚೆ ಬಂದವು, ಎಂದು ಅವನಿಗೆ ಹೇಳಲು ಇವಳಿಗೆ ಬಾಯಿ ಬರಲಿಲ್ಲ. ಯೋಜನೆ ಗೆದ್ದಿತೋ, ಅಥವಾ ತನ್ನ ಮೊದಲ ಪುಟ ಓಣಿಯ ಬಾಯಿಗೆಲ್ಲ ಬೀಗ ಹಾಕಿತೋ? ಎರಡೂ ಇರಬಹುದು. ಅಳೆಯುವ ಕೋಲನ್ನೇ ತಾನು ಮುರಿದು ಕೂತಿದ್ದಾಳೆ.

ಇಪ್ಪತ್ತೊಂದಕ್ಕೂ ಇಲ್ಲ ಎಂದಾದ ಮೇಲೆ ಅವಳು ಪೆನ್ನು ಕೆಳಗಿಟ್ಟಳು. 'ನಿಜವಾಗ್ಲೂ ಈಗ ಹೊಡೆಯಲ್ವಾ?'

'ಯಾವುದಕ್ಕೆ ಕೇಳ್ತಿದ್ದೀರಿ? ಕಾಗದಕ್ಕಾ, ನಿಮಗಾ?'

'ನನಗೆ.'

'ಎರಡಕ್ಕೂ ಒಂದೇ ಉತ್ತರ ಮೇಡಂ. ಇಲ್ಲ.'

'ಅವತ್ತು ಸಭೆ ಮುಗಿದ ಮೇಲೆ...' ಎಂದಳು ಇವಳು.

ಟೈಲರಮ್ಮ ಎದ್ದು ಕಿಟಕಿಯ ಒಂದು ಬಾಗಿಲು ಮುಂದೆ ಮಾಡಿದಳು. 'ಅವತ್ತು ಹೊಡೀಲಿಲ್ಲ. ಸತ್ಯವಾಗ್ಲೂ. ಆಫೀಸಿನವರ ಹತ್ರ ಆ ಹಾಳೆ ಇಸ್ಕೊಂಡು ಬಂದಿದ್ರು. ಓದು ಅಂದ್ರು. ಓದಿದೆ. ಚೆನ್ನಾಗಿದೆ, ಇನ್ನೊಂದ್ಸಲ ಓದು ಅಂದ್ರು. ಮಕ್ಕಳು ಊಟಕ್ಕೆ ಕೂತಿದ್ರು. ಗಂಟಲು ಕಟ್ಕೊಳ್ಳೋವರೆಗೂ ಓದಿಸಿದ್ರು. ಮಾರನೇ ದಿನ ಆಟೋ ತಂದು ಮಿಷನ್ ಹೇರ್ಕೊಂಡು ಹೋಗಿ ಮಾರಿಬಿಟ್ರು. ವಾಚೂ ಕಟ್ಟಲ್ಲ ಈಗ. ಮುಗೀತು.' ಯಾರದೋ ಮನೆಯ ಕತೆ ಹೇಳಿದ ಹಾಗೆ ಹೇಳಿ, ಖಾಲಿ ಮೂಲೆಯತ್ತ ತಿರುಗಿ, 'ಹನ್ನೆರಡು ವರ್ಷದ ಮಿಷನ್ನು,' ಎಂದಳು.

ಅಳು ಬರುತ್ತದೆಯೇನೋ ಎಂದು ಇವಳು ಕಾದಳು. ಟೈಲರಮ್ಮನಿಗಲ್ಲ, ತನಗೆ. ಬರಲಿಲ್ಲ. ಹಲ್ಲಿನ ಡಾಕ್ಟರ ಸೂಜಿ ತಿಂದ ದವಡೆಯ ಹಾಗೆ ಒಳಗೆಲ್ಲ ದಪ್ಪಗಾಗಿತ್ತು. 'ನನ್ನಿಂದ ತಪ್ಪಾಯ್ತು,' ಎಂದಳು. ಸ್ವರ ಅಪರಿಚಿತವಾಗಿ ಕೇಳಿತು.

'ಈಗ ನಾನು ಪರವಾಗಿಲ್ಲ ಅನ್ಬೇಕಾ?'

'ಬೇಡ.'

'ಅಲ್ಲ, ಅನ್ನಿ ಅಂದ್ರೆ ಅಂತೀನಿ. ಅಭ್ಯಾಸ ಇದೆ.'

ಕೊನೆಯ ಪ್ರಶ್ನೆ ಉಳಿದಿತ್ತು. ಈ ಹಿಂದಿನ ಸಮೀಕ್ಷೆಯಲ್ಲಿ ಭಾಗವಹಿಸಿದ್ದರಿಂದ ನಿಮಗೆ ಯಾವುದಾದರೂ ತೊಂದರೆಯಾಯಿತೇ? ಪ್ರಶ್ನೆ ಓದಿ ಇವಳು ಪೆನ್ನನ್ನು ಹೌದು ಎಂಬ ಚೌಕದ ಹತ್ತಿರ ಹಿಡಿದಳು. ಹೌದು ಎಂದರೆ ತನ್ನ ಮೇಲೆ ವಿಚಾರಣೆ, ಮುಂದೆ ಕೆಲಸವಿಲ್ಲ. ಆಗಲಿ. ನಾಲ್ಕು ದಿನ ನೆಪ ಹುಡುಕಿದವಳಿಗೆ ಈಗ ಆ ಒಂದು ಹೌದು ಬೇಕೇ ಬೇಕು ಅನಿಸಿತು, ಬಾಯಾರಿದವರಿಗೆ ನೀರು ಬೇಕಾದ ಹಾಗೆ.

'ಹೌದು ಅಂದ್ರೆ ಏನಾಗತ್ತೆ?'

'ಹತ್ತು ದಿನದೊಳಗೆ ಬೇರೆ ಇಬ್ಬರು ಬಂದು ವಿಚಾರಿಸ್ತಾರೆ.'

'ಎಲ್ಲಿಗೆ ಬರ್ತಾರೆ? ಇದೇ ಮನೆಗಾ?'

'ಇದೇ ಮನೆಗೆ.'

'ಹಾಗಾದ್ರೆ ಇಲ್ಲ ಅಂತ ಬರ್ಕೊಳ್ಳಿ.'

'ನಾನು ಬೇರೆ ಥರ ಬರೀತೀನಿ. ನಿಮ್ಮ ಮನೆ ಅಂತ ಎಲ್ಲೂ ಬರಲ್ಲ.'

'ಹೋದ ಸಲಾನೂ ಎಲ್ಲೂ ಬಂದಿರ್ಲಿಲ್ಲ,' ಎಂದಳು ಟೈಲರಮ್ಮ. ಆಮೇಲೆ ಮೊದಲ ಬಾರಿಗೆ ಅವಳ ಸ್ವರ ಸ್ವಲ್ಪ ಅಲುಗಿತು. 'ಒಂದು ಉಪಕಾರ ಮಾಡಿ. ನನ್ನ ಬಗ್ಗೆ ಏನೂ ಬರೀಬೇಡಿ, ಎಲ್ಲೂ ಹೇಳ್ಬೇಡಿ. ಕೆಟ್ಟದ್ದೂ ಬೇಡ, ಒಳ್ಳೇದೂ ಬೇಡ. ನಾನು ಲೆಕ್ಕಕ್ಕೇ ಇಲ್ಲ ಅಂದ್ಕೊಳ್ಳಿ. ಅಷ್ಟು ಮಾಡಿದ್ರೆ ಸಾಕು.'

'ಮಾಡ್ತೀನಿ. ಮಾತು ಕೊಡ್ತೀನಿ,' ಎಂದಳು ಇವಳು.

ಮೂರು ಗಂಟೆಗೆ ಭವನ ತುಂಬಿತ್ತು. ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಪಕ್ಕದ ಶಾಲೆಯಿಂದ ಬೆಂಚು ತಂದಿದ್ದರು. ದುಡ್ಡು ಕೊಡುವ ಸಂಸ್ಥೆಯ ಅಧಿಕಾರಿ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಒಬ್ಬ ಮೃದುವಾದ ಹೆಂಗಸು, ಮುಂದಿನ ಸಾಲಿನಲ್ಲಿ ಕೂತು ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಸಂಯೋಜಕ ಗೋಡೆಯ ಮೇಲೆ ಎರಡು ಕಂಬದ ಚಿತ್ರ ಬಿಟ್ಟಿದ್ದ, ಹಿಂದಿನ ಸಲದ ಹೌದುಗಳದ್ದು ಎತ್ತರ, ಈ ಸಲದ್ದು ಮೋಟು. ಮೋಟು ಕಂಬ ಬಂದಾಗ ಚಪ್ಪಾಳೆ. ಇವಳು ವೇದಿಕೆಯ ಮೇಲೆ ನೀರಿನ ಲೋಟ ನೋಡುತ್ತ ಕೂತಿದ್ದಳು. ಸಭೆ ಹೇಗೋ ಮುಗಿದರೆ ಸಾಕು. ವರದಿಯಲ್ಲಿ ಹದಿನೇಳು ಎಂಬುದು ಬರಿಯ ಸಂಖ್ಯೆಯಾಗಿ ಕರಗಿಹೋಗುತ್ತದೆ. ಇಲ್ಲ ಎಂದವರಲ್ಲಿ ಒಬ್ಬಳು. ತಾನು ಮಾತು ಉಳಿಸಿಕೊಂಡ ಹಾಗೆ, ತನ್ನ ಕೆಲಸವೂ ಉಳಿದ ಹಾಗೆ. ಎರಡೂ ಒಂದೇ ದಾರಿಯಲ್ಲಿ ಹೊರಟದ್ದು ಅವಳಿಗೆ ಅಸಹ್ಯವೆನಿಸಿತು, ಆದರೆ ದೂರದಿಂದ, ಬೇರೆ ಯಾರದೋ ಅಸಹ್ಯದ ಹಾಗೆ.

'ಈಗ ನಮ್ಮ ಗುರುವಾರದ ಗುಂಪಿನ ಮುಖಂಡರು ಎರಡು ಮಾತಾಡ್ತಾರೆ,' ಎಂದ ಸಂಯೋಜಕ.

ಎದ್ದು ಬಂದವನು ಟೈಲರಮ್ಮನ ಗಂಡ. ಇಸ್ತ್ರಿ ಮಾಡಿದ ಅಂಗಿ, ತೋಳು ಮೊಣಕೈವರೆಗೆ ಮಡಚಿದ್ದ. ಮೈಕು ಹಿಡಿಯುವುದರಲ್ಲಿ ಪಳಗಿದ ಕೈ. 'ಎಲ್ಲರಿಗೂ ನಮಸ್ಕಾರ. ನಾನು ಒಂದು ವಿಷಯ ಒಪ್ಕೊಳ್ಳೋಕೆ ನಿಂತಿದ್ದೀನಿ. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಒಂದು ಹಾಳೆ ಓದಿದ್ರು. ವಾಚಿನ ವಿಷಯ. ಆ ವಾಚು ನಂದು. ಆ ಗಂಡ ನಾನು.' ಬರಿದಾದ ಮಣಿಕಟ್ಟನ್ನು ಎತ್ತಿ ತೋರಿಸಿದ. 'ಅವತ್ತು ಆ ಮಾತು ನನ್ನ ಕಣ್ಣು ತೆರೆಸ್ತು. ಈ ಮೇಡಂ ಬರೀದೇ ಇದ್ದಿದ್ರೆ ನಾನು ಇವತ್ತಿಗೂ ಹಾಗೇ ಇರ್ತಿದ್ದೆ.' ಅವನು ಇವಳ ಕಡೆ ತಿರುಗಿ ಕೈಮುಗಿದ. ಚಪ್ಪಾಳೆ ಮಳೆಯಂತೆ ಬಿತ್ತು. ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. 'ಈ ಸಲ ನಮ್ಮ ಹೆಸರು ಹಾಕಿ ಬರೀರಿ ಮೇಡಂ. ಗಂಡ ಹೆಂಡತಿ ಇಬ್ಬರ ಹೆಸರೂ. ಫೋಟೋನೂ ಹಾಕಿ. ನಾಲ್ಕು ಜನ ನೋಡಿ ಕಲೀಲಿ.'

ಇವಳ ಕೈ ಅಷ್ಟರಲ್ಲಿ ಪುಸ್ತಕದಲ್ಲಿ ಅವನ ಮಾತು ಬರೆದುಕೊಳ್ಳುತ್ತಿತ್ತು. ಉದ್ಧರಣ ಚಿಹ್ನೆ ಕೂಡ ಹಾಕಿಯಾಗಿತ್ತು. ಅದನ್ನು ನೋಡಿ ಅವಳು ಎದ್ದುನಿಂತಳು. ಯಾಕೆ ನಿಂತೆನೆಂದು ನಿಂತ ಮೇಲೆ ಯೋಚಿಸಿದಳು.

'ಆ ಮಾತು ಈ ಓಣೀದಲ್ಲ,' ಎಂದಳು. 'ಯಾರೂ ಹೇಳಿದ್ದೂ ಅಲ್ಲ. ನಾನೇ ಕಟ್ಟಿ ಬರೆದದ್ದು.'

ಸಂಯೋಜಕ ನಗಲೋ ಬೇಡವೋ ಎಂಬಂತೆ ಹಲ್ಲು ಕಿರಿದ. ಅಧಿಕಾರಿಯ ಕನ್ನಡಕ ಕೈಯಲ್ಲೇ ಉಳಿಯಿತು. ಎರಡು ವರ್ಷದ ಹಿಂದೆ ಇದೇ ವಾಕ್ಯವನ್ನು ಹೇಳಿದ್ದರೆ ಎಷ್ಟು ಸುಲಭವಿತ್ತು, ಎಷ್ಟು ಚಿಕ್ಕದಿದೆ ಇದು, ಉಸಿರು ಬಿಡುವಷ್ಟರಲ್ಲಿ ಮುಗಿಯುತ್ತದೆ ಎಂದು ಅವಳಿಗೆ ಅನಿಸಿತು.

'ಅಯ್ಯೋ, ನನ್ನ ಮರ್ಯಾದೆ ಉಳಿಸೋಕೆ ಹೀಗಂತಿದ್ದೀರಿ ಮೇಡಂ,' ಎಂದ ಅವನು, ವಿನಯದಿಂದ. 'ಬೇಡ. ನಾನೇ ಅದು.'

'ನೀವಲ್ಲ.'

'ನಾನೇ ಮೇಡಂ!'

'ನೀವಲ್ಲ ಅಂತ ಹೇಳ್ತಿದ್ದೀನಲ್ಲ.'

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಭವನವೇ ನಕ್ಕಿತು. ಒಬ್ಬರಿಗಿಂತ ಒಬ್ಬರು ದೊಡ್ಡವರಾಗುತ್ತಿದ್ದಾರೆ ಎಂದು ಜನರಿಗೆ ತೋರಿರಬೇಕು. ಅವನೂ ನಕ್ಕ. ನಗು ಇಳಿಯುವುದನ್ನು ಕಾದು, 'ಬೇಕಾದ್ರೆ ನಮ್ಮವಳನ್ನೇ ಕೇಳೋಣ,' ಎಂದು ಮೂರನೇ ಸಾಲಿನತ್ತ ಕೈ ಚಾಚಿದ. 'ಏಳು, ನಿಂತು ಹೇಳು. ಮೇಡಂಗೆ ಅದನ್ನ ಹೇಳಿದ್ದು ನೀನೇ ತಾನೆ?'

ಇನ್ನೂರು ತಲೆ ಒಟ್ಟಿಗೆ ತಿರುಗಿತು. ಟೈಲರಮ್ಮ ಎದ್ದಳು. ಅವಳ ಮುಖವನ್ನು ನೋಡಬೇಕು, ಕಡೇಪಕ್ಷ ಇಷ್ಟಾದರೂ ತಪ್ಪಿಸಬಾರದು ಎಂದು ಇವಳು ನೋಡಿದಳು. ಬೆಳಿಗ್ಗೆ ಇಪ್ಪತ್ತೊಂದು ಸಲ ಕಂಡಿದ್ದ ಮುಖವೇ.

'ಹೂಂ,' ಎಂದಳು ಟೈಲರಮ್ಮ. 'ನಾನೇ ಹೇಳಿದ್ದು.' ಕೂತಳು. ಮತ್ತೆ ಚಪ್ಪಾಳೆ. ಅಕ್ಕಪಕ್ಕದ ಹೆಂಗಸರು ಮಾತ್ರ ತಟ್ಟಲಿಲ್ಲ, ಒಬ್ಬಳು ಅವಳ ಬೆನ್ನ ಮೇಲೆ ಕೈಯಿಟ್ಟಳು. ಅದನ್ನು ವೇದಿಕೆಯಿಂದ ಇವಳೊಬ್ಬಳೇ ನೋಡಿದಳೆಂದು ಕಾಣುತ್ತದೆ. ಅದಕ್ಕೆ ಯಾವ ಕಾಗದದಲ್ಲೂ ಚೌಕವಿರಲಿಲ್ಲ.

ಸಭೆ ಮುಗಿದ ಮೇಲೆ ಅಧಿಕಾರಿ ಅವಳನ್ನು ಪಕ್ಕಕ್ಕೆ ಕರೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. 'ನೋಡಿ, ನೀವು ಕಟ್ಟಿ ಬರೆದದ್ದು ಅಂದ್ರಿ. ಆಕೆ ತಾನೇ ಹೇಳಿದ್ದು ಅಂದ್ರು. ಇನ್ನೂರು ಜನರ ಮುಂದೆ. ಇದನ್ನ ನಾನು ಹೀಗೇ ಬಿಡೋಕಾಗಲ್ಲ, ನಿಮಗೇ ಗೊತ್ತಲ್ಲ. ಮುಂದಿನ ವಾರ ನಮ್ಮವರು ಇಬ್ಬರು ಆಕೆಯ ಮನೆಗೆ ಹೋಗಿ ವಿವರವಾಗಿ ಕೇಳ್ತಾರೆ.'

'ಮನೆಗೆ ಬೇಡ,' ಎಂದಳು ಇವಳು. 'ದಯವಿಟ್ಟು. ಮನೆಗೆ ಹೋಗ್ಬೇಡಿ.'

'ಯಾಕೆ? ಅವರಿಬ್ಬರಿಗೂ ಅಭ್ಯಂತರ ಇಲ್ವಲ್ಲ,' ಎಂದರು ಅವರು. ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದರು. ಯಾಕೆ ಎಂಬುದಕ್ಕೆ ಇವಳಲ್ಲಿದ್ದ ಒಂದೇ ಉತ್ತರ, ಹೇಳುವುದಿಲ್ಲವೆಂದು ಬೆಳಿಗ್ಗೆ ಮಾತು ಕೊಟ್ಟಿದ್ದ ಉತ್ತರ. ಅಧಿಕಾರಿ ಅವಳ ತೋಳು ತಟ್ಟಿ, ನೀವು ಸ್ವಲ್ಪ ವಿಶ್ರಾಂತಿ ತಗೊಳ್ಳಿ ಎಂದು ಹೋದರು.

ಬಾಗಿಲ ಹತ್ತಿರ ಚಪ್ಪಲಿಗಳ ರಾಶಿಯಲ್ಲಿ ಟೈಲರಮ್ಮ ತನ್ನದನ್ನು ಹುಡುಕುತ್ತಿದ್ದಳು. ಗಂಡ ಮೆಟ್ಟಿಲ ಕೆಳಗೆ ಯಾರದೋ ಫೋಟೋಗೆ ನಿಂತಿದ್ದ. ಇವಳು ಹತ್ತಿರ ಹೋಗಿ, ತುಟಿ ಅಲುಗಿಸದೆ ಅಂದಳು: 'ನಿಮ್ಮ ಮನೆಗೆ ಇಬ್ಬರು ಬರ್ತಾರೆ. ನಾನು ತಪ್ಪಿಸೋಕೆ ಹೋದೆ, ಅದಕ್ಕೇ ಬರೋ ಹಾಗಾಯ್ತು.'

ಟೈಲರಮ್ಮ ಒಂದು ಚಪ್ಪಲಿಗೆ ಕಾಲು ತೂರಿಸಿದಳು. ಇನ್ನೊಂದು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಸಿಕ್ಕಿದ ಮೇಲೆ ತಲೆ ಎತ್ತಿದಳು. ಕೋಪವೇನೂ ಇರಲಿಲ್ಲ. ಬಂದ ನೆಂಟರಿಗೆ ದಾರಿ ಹೇಳುವವರ ಹಾಗೆ, ಅಷ್ಟೇ ಮರ್ಯಾದೆಯಿಂದ ಅಂದಳು:

'ಬರ್ಲಿ ಬಿಡಿ. ಯಾರು ಬೇಕಾದ್ರೂ ಬರ್ಲಿ, ಏನೋ ಒಂದು ಹೇಳಿ ಕಳಿಸ್ತೀನಿ. ನೀವು ಮಾತ್ರ ಬರ್ಬೇಡಿ ಮೇಡಂ.'